ವಂಶವಾಹಿಗಳ ರವಾನೆಯೂ ಪ್ರಾಣಿಪ್ರಯೋಗಶಾಲೆಯ ಸುರಕ್ಷತೆಯೂ: ಒಂದು ಐತಿಹಾಸಿಕ ವಿವೇಚನೆ

ಪ್ರಾಣಿಯ ಶರೀರದೊಳಕ್ಕೆ ಹೊಸದೊಂದು ವಂಶವಾಹಿಯನ್ನು, ಎಂದರೆ ಜೀನನ್ನು, ಸೇರಿಸುವ ವಿದ್ಯೆಯು ಕಳೆದ ನಾಲ್ಕೈದು ದಶಕಗಳಲ್ಲಿ ಅಸಾಧಾರಣವಾದ ಅಭಿವೃದ್ಧಿಯನ್ನು ಹೊಂದಿರುತ್ತದೆ. ಈ ವಿದ್ಯೆಯಿಂದ ರೋಗಿಗೆ ಒದಗುವ ಲಾಭಾಲಾಭಗಳನ್ನು ಕುರಿತೂ ಪ್ರಯೋಗಕ್ಕೆ ಗುರಿಯಾದ ಪ್ರಾಣಿಯ ವೇದನೆಯನ್ನು ಕುರಿತೂ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಸಿರಿಂಜನ್ನು ಹಿಡಿದು ಇಲಿಗೆ ಚುಚ್ಚುವ ಸಂಶೋಧಕನಿಗೆ, ಮರುದಿನ ಆ ಇಲಿಯ ಪಂಜರವನ್ನು ತೊಳೆಯುವ ಕೆಲಸಗಾರನಿಗೆ ಏನು ಅಪಾಯವುಂಟು, ಅದನ್ನು ತಡೆಯುವ ಬಗೆ ಯಾವುದು ಎಂಬ ಪ್ರಶ್ನೆಯು ಕನ್ನಡದಲ್ಲಿ ಅಷ್ಟಾಗಿ ವಿವೇಚಿತವಾಗಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಪ್ರಯೋಗಶಾಲೆಯ ಗೋಡೆಯ ಮೇಲೆ ತೂಗುಹಾಕಿರುವ ಒಂದೊಂದು ನಿಯಮಕ್ಕೂ ಒಂದು ಇತಿಹಾಸವಿದೆ. ಬಹುಮಟ್ಟಿಗೆ ಅದು ಯಾರೋ ಒಬ್ಬರಿಗೆ ಆದ ಕೇಡಿನ ಇತಿಹಾಸ. ಅದನ್ನು ಅರಿಯದವನಿಗೆ ನಿಯಮವು ಬರಿಯ ಆಜ್ಞೆಯಾಗಿ ಕಾಣುತ್ತದೆ. ಕಣ್ಣು ತಪ್ಪಿದಾಗ ಅವನು ಅದನ್ನು ಮೀರುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಓದಿದ ವಿದ್ಯಾರ್ಥಿಗಳು ಬೆಂಗಳೂರು, ಹೈದರಾಬಾದು ಮೊದಲಾದ ಕಡೆಯ ಸಂಶೋಧನಾಲಯಗಳನ್ನು ಸೇರಬಹುದಾದ ಕಾಲವಿದು. ಅವರು ಹೊಸ್ತಿಲು ದಾಟುವ ಮುನ್ನ ಈ ಇತಿಹಾಸವನ್ನು ತಿಳಿದಿರುವುದು ಒಳಿತು.

೧. ಕ್ಯಾಸನೂರಿನ ಪಾಠ

ನಮ್ಮ ನಾಡಿನಲ್ಲಿಯೇ ಹುಟ್ಟಿದ ದೃಷ್ಟಾಂತದಿಂದ ಆರಂಭಿಸುವುದು ಉಚಿತ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕರಿಮೋರೆಯ ಮುಸುವಗಳೂ ಕೆಂಪು ಮಂಗಗಳೂ ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳ ಜನರಲ್ಲಿ ತೀವ್ರವಾದ ಜ್ವರವು ಕಾಣಿಸಿಕೊಂಡಿತು. ಮಂಗಗಳೂ ಮನುಷ್ಯರೂ ಏಕಕಾಲದಲ್ಲಿ ಸಾಯುತ್ತಿದ್ದುದರಿಂದ, ಅಲ್ಲಿಯವರೆಗೆ ಏಷ್ಯಾಖಂಡದಲ್ಲಿ ಕಾಣದಿದ್ದ ಹಳದಿ ಜ್ವರವು ಬಂದಿತೋ ಎಂಬ ಭೀತಿಯೂ ಉಂಟಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಹಳದಿ ಜ್ವರದ ಶಂಕೆ ನಿವಾರಣೆಯಾಯಿತು. ದೊರೆತ ವೈರಸ್ಸು ಲೋಕಕ್ಕೆ ಹೊಸದು; ಅದನ್ನು ಹರಡುವುದು ಕಾಡಿನ ಉಣ್ಣೆ, ಮಲೆನಾಡಿನವರ ಮಾತಿನಲ್ಲಿ ಉಣುಗು. ಜನರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಶಾಸ್ತ್ರಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ನಿಂತಿತು.

ಇಷ್ಟು ಸರ್ವವಿದಿತ. ನಮ್ಮ ಪ್ರಸ್ತಾಪಕ್ಕೆ ಮುಖ್ಯವಾದ ಸಂಗತಿ ಇದರ ಹಿಂದೆ ಅಡಗಿದೆ. ವೈರಸ್ಸನ್ನು ಗುರುತಿಸಬೇಕಾದರೆ ಸತ್ತ ಮಂಗದ ಅಂಗಾಂಶವನ್ನೋ ರೋಗಿಯ ರಕ್ತವನ್ನೋ ಎಳೆಯ ಇಲಿಮರಿಯ ಮಿದುಳಿಗೆ ಚುಚ್ಚಿ, ಅದು ಕಾಯಿಲೆ ಬಿದ್ದ ಬಳಿಕ ಮಿದುಳನ್ನು ತೆಗೆದು ಅರೆದು, ಮತ್ತೊಂದು ಇಲಿಮರಿಗೆ ಚುಚ್ಚಬೇಕಾಗಿತ್ತು. ಈ ಕಾರ್ಯದಲ್ಲಿ ತೊಡಗಿದ್ದವರು ಒಬ್ಬರ ಹಿಂದೊಬ್ಬರು ಅದೇ ಜ್ವರಕ್ಕೆ ತುತ್ತಾದರು. ಕಾಡನ್ನು ಕಾಣದ, ಉಣ್ಣೆ ಕಚ್ಚದ ಜನರಿಗೂ ಪ್ರಯೋಗಶಾಲೆಯೊಳಗೆ ಕಾಯಿಲೆ ಬಂದಿತು. ಪ್ರಪಂಚದ ಪ್ರಯೋಗಶಾಲಾ ಸೋಂಕುಗಳ ಪಟ್ಟಿಗಳಲ್ಲಿ ಈ ಒಂದು ವೈರಸ್ಸಿನ ಲೆಕ್ಕಕ್ಕೆ ನೂರಕ್ಕೂ ಹೆಚ್ಚು ಪ್ರಕರಣಗಳು ಸೇರಿವೆ. ಇಂದು ಈ ವೈರಸ್ಸು ಅತ್ಯುನ್ನತ ಭದ್ರತೆಯನ್ನು ಬೇಡುವ ಗುಂಪಿಗೆ ಸೇರಿದೆ. ಪುಣೆಯ ಕೇಂದ್ರವು ೧೯೭೮ರಲ್ಲಿ ರಾಷ್ಟ್ರೀಯ ವೈರಾಣುಶಾಸ್ತ್ರ ಸಂಸ್ಥೆಯಾಯಿತು. ಅಲ್ಲಿ ನಾಲ್ಕನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಶಾಲೆ ಆರಂಭವಾದುದು ೨೦೧೨ರಲ್ಲಿ. ರೋಗವು ಗೋಚರವಾದುದಕ್ಕೂ ತಕ್ಕ ಕಟ್ಟಡವು ಸಿದ್ಧವಾದುದಕ್ಕೂ ನಡುವೆ ಐವತ್ತೈದು ವರ್ಷಗಳ ಅಂತರವಿರುವುದನ್ನು ಇತಿಹಾಸದ ವಿದ್ಯಾರ್ಥಿಯು ಲಕ್ಷಿಸಬೇಕು.

ಸೋಂಕು ತಗುಲಿದುದು ಹೇಗೆ? ಇಲ್ಲಿ ಅಮೆರಿಕದ ರಾಬರ್ಟ್ ಪೈಕ್ ಎಂಬ ವಿದ್ವಾಂಸನು ೧೯೭೬ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಬೆಳಕು ಚೆಲ್ಲುತ್ತದೆ. ನಾನಾ ದೇಶಗಳಿಂದ ಅವನು ಕಲೆಹಾಕಿದ ೩೯೨೧ ಪ್ರಯೋಗಶಾಲಾ ಸೋಂಕುಗಳಲ್ಲಿ, ಸೂಜಿ ಚುಚ್ಚಿತು, ಸೀಸೆ ಒಡೆಯಿತು ಎಂಬಂತಹ ಗೊತ್ತಾದ ಅಪಘಾತಕ್ಕೆ ಸಂಬಂಧಿಸಿದವು ಐದನೆಯ ಒಂದು ಪಾಲಿಗಿಂತ ಕಡಮೆ. ಮಿಕ್ಕವುಗಳಲ್ಲಿ ನಿರ್ದಿಷ್ಟವಾದ ಯಾವ ಅಪಘಾತವನ್ನೂ ಗುರುತಿಸಲಾಗಲಿಲ್ಲ. ಅರೆಯುವಾಗ, ಕಲಕುವಾಗ, ಸಿರಿಂಜಿನಿಂದ ಗಾಳಿಗುಳ್ಳೆಯನ್ನು ಹೊರದೂಡುವಾಗ ಏಳುವ, ಕಣ್ಣಿಗೆ ಕಾಣದ ಸೂಕ್ಷ್ಮ ತುಂತುರು ಅಂತಹ ಅನೇಕ ಸೋಂಕುಗಳಿಗೆ ಮೂಲವೆಂದು ತಜ್ಞರು ಊಹಿಸಿದರು. ಆದುದರಿಂದ ‘ಏನೂ ಆಗಲಿಲ್ಲ’ ಎಂಬ ಮಾತು ಸುರಕ್ಷತೆಗೆ ಪ್ರಮಾಣವಾಗಲಾರದು.

೨. ವಂಶವಾಹಿಯನ್ನು ಒಯ್ಯುವ ಬಗೆಗಳು

ಮೇಲಿನ ಕಥೆಯಲ್ಲಿ ವೈರಸ್ಸು ಶತ್ರು. ಮುಂದಿನ ಕಥೆಯಲ್ಲಿ ಅದೇ ವೈರಸ್ಸು ಸೇವಕನಾಗಿ ನೇಮಕಗೊಳ್ಳುತ್ತದೆ. ಜೀವಕೋಶದೊಳಕ್ಕೆ ನುಗ್ಗಿ ತನ್ನ ವಂಶವಾಹಿಗಳನ್ನು ಅಲ್ಲಿ ಇಳಿಸುವುದೇ ವೈರಸ್ಸಿನ ಸ್ವಭಾವವಷ್ಟೆ. ಅದರ ರೋಗಕಾರಕ ಭಾಗಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ನಮಗೆ ಬೇಕಾದ ವಂಶವಾಹಿಯನ್ನು ಇರಿಸಿದರೆ ಅದು ವಾಹಕವಾಗುತ್ತದೆ. ಸಿಡುಬಿನ ಲಸಿಕೆಯಲ್ಲಿ ಬಳಸುತ್ತಿದ್ದ ವ್ಯಾಕ್ಸೀನಿಯಾ ವೈರಸ್ಸನ್ನೇ ೧೯೮೨ರಲ್ಲಿ ಹೀಗೆ ವಾಹಕವನ್ನಾಗಿ ಮಾಡಲಾಯಿತು. ಆ ಲಸಿಕೆಗೆ ನಮ್ಮಲ್ಲಿ ಹಳೆಯ ನಂಟುಂಟು. ಸುಮಾರು ೧೮೦೫ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರವೊಂದು, ಮೈಸೂರು ಅರಮನೆಯ ರಾಣಿಯರು ಲಸಿಕೆಯನ್ನು ಹಾಕಿಸಿಕೊಂಡುದನ್ನು ಪ್ರಚುರಪಡಿಸಲೆಂದೇ ರಚಿತವಾಯಿತೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಸಿಡುಬು ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೮೦ರಲ್ಲಿ ಸಾರಿದ ಮೇಲೆ ಹುಟ್ಟಿದವರಿಗೆ ಸಾಮಾನ್ಯವಾಗಿ ಆ ಲಸಿಕೆಯ ರಕ್ಷಣೆಯಿಲ್ಲ. ಆದಕಾರಣ ಇಂದಿನ ತರುಣ ಸಂಶೋಧಕನು ವ್ಯಾಕ್ಸೀನಿಯಾ ವಾಹಕವನ್ನು ಬೆರಳಿಗೆ ಚುಚ್ಚಿಕೊಂಡರೆ, ಅವನ ಅಜ್ಜನಿಗೆ ಆಗದಿದ್ದ ಹುಣ್ಣು ಅವನಿಗೆ ಆಗಬಹುದು. ಅಂತಹ ಪ್ರಕರಣಗಳು ವಿದೇಶಗಳ ಪ್ರಯೋಗಶಾಲೆಗಳಿಂದ ವರದಿಯಾಗಿವೆ.

ಇಂದು ಪ್ರಾಣಿಪ್ರಯೋಗಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವೈರಸ್ ವಾಹಕಗಳು ಮೂರು ಬಗೆ.

ಮೊದಲನೆಯದು ಅಡಿನೋ ವೈರಸ್ಸು. ಮನುಷ್ಯನಿಗೆ ನೆಗಡಿ, ಕಣ್ಣುಬೇನೆಗಳನ್ನು ತರುವ ಗುಂಪಿಗೆ ಇದು ಸೇರಿದೆ. ವಂಶವೃದ್ಧಿಗೆ ಅಗತ್ಯವಾದ ಒಂದು ಭಾಗವನ್ನು ಇದರಿಂದ ಕಿತ್ತುಹಾಕಿರುತ್ತಾರೆ. ಆ ಭಾಗವನ್ನು ತಾವೇ ಒದಗಿಸುವ ವಿಶೇಷ ಜೀವಕೋಶಗಳಲ್ಲಿ ಮಾತ್ರ ಅದನ್ನು ಬೆಳೆಸಬಹುದು. ಆದರೆ ಬೆಳೆಸುವಾಗ ಕಿತ್ತ ಭಾಗವು ಮರಳಿ ಕೂಡಿಕೊಂಡು ಪೂರ್ಣ ವೈರಸ್ಸು ಹುಟ್ಟುವ ಸಂಭವವುಂಟು. ಆದುದರಿಂದ ಪ್ರತಿಯೊಂದು ಪಾಕವನ್ನೂ ಪರೀಕ್ಷಿಸಿಯೇ ಬಳಸಬೇಕು.

ಎರಡನೆಯದು ಅಡಿನೋ ಸಹಚಾರಿ ವೈರಸ್ಸು. ಅದರ ವ್ಯಾಸ ಸುಮಾರು ೨೫ ನ್ಯಾನೋಮೀಟರು. ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ೨೫ ಭಾಗ. ಅದು ಹೊರಬಲ್ಲ ಸಂದೇಶವೂ ಚಿಕ್ಕದು, ಸುಮಾರು ೪೭೦೦ ಅಕ್ಷರಗಳಷ್ಟು. ಅದರಿಂದ ಮನುಷ್ಯನಿಗೆ ರೋಗ ಬರುವುದೆಂದು ಸ್ಥಾಪಿತವಾಗಿಲ್ಲ. ಇನ್ನೊಂದು ವೈರಸ್ಸಿನ ನೆರವಿಲ್ಲದೆ ಅದು ವೃದ್ಧಿಯಾಗಲಾರದು. ಈ ಕಾರಣದಿಂದ ಅದನ್ನು ಕಡಮೆ ಅಪಾಯದ್ದೆಂದು ಎಣಿಸುತ್ತಾರೆ; ಹೊತ್ತ ವಂಶವಾಹಿಯು ನಿರಪಾಯಕರವಾಗಿರಬೇಕೆಂಬ ಷರತ್ತು ಮಾತ್ರ ಇದ್ದೇ ಇದೆ.

ಮೂರನೆಯದು ಲೆಂಟಿ ವೈರಸ್ಸು. ಏಡ್ಸ್ ರೋಗದ ವೈರಸ್ಸಿನಿಂದಲೇ ಇದನ್ನು ರೂಪಿಸಿರುವುದು. ಹೆಸರು ಕೇಳಿದೊಡನೆ ಭಯವಾಗುವುದು ಸಹಜ. ಅದನ್ನು ಪಳಗಿಸಿದ ಉಪಾಯವು ಮಾತ್ರ ಚತುರವಾದುದು. ವೈರಸ್ಸಿನ ಅಗತ್ಯ ಭಾಗಗಳನ್ನು ಒಂದೇ ಕಡೆ ಇರಿಸದೆ ಮೂರು ನಾಲ್ಕು ಡಿಎನ್‌ಎ ಉಂಗುರಗಳಲ್ಲಿ ಹಂಚಿ, ಕೆಲವು ಭಾಗಗಳನ್ನು ಪೂರ್ತಿಯಾಗಿ ಕೈಬಿಟ್ಟಿದ್ದಾರೆ. ಎಲ್ಲ ತುಂಡುಗಳೂ ಆಕಸ್ಮಿಕವಾಗಿ ಕೂಡಿ ಮೂಲವೈರಸ್ಸು ಮರುಹುಟ್ಟು ಪಡೆಯುವುದು ಹೀಗೆ ಅತಿ ದುಸ್ಸಾಧ್ಯವಾಗಿದೆ. ಉಳಿದಿರುವ ಅಪಾಯ ಬೇರೆ ಬಗೆಯದು. ಈ ವಾಹಕವು ತಾನು ತಂದ ವಂಶವಾಹಿಯನ್ನು ಜೀವಕೋಶದ ಮೂಲಗ್ರಂಥದಲ್ಲಿಯೇ ಶಾಶ್ವತವಾಗಿ ಸೇರಿಸಿಬಿಡುತ್ತದೆ. ಮೇಲಾಗಿ ಇದಕ್ಕೆ ಸಾಮಾನ್ಯವಾಗಿ ತೊಡಿಸುವ ಹೊರಗವಚವು ದನ ಕುದುರೆಗಳ ಬಾಯಿಹುಣ್ಣಿನ ವೈರಸ್ಸೊಂದರಿಂದ ತೆಗೆದದ್ದು. ಆ ಕವಚದಿಂದ ಅದು ಮನುಷ್ಯನ ನಾನಾ ಬಗೆಯ ಜೀವಕೋಶಗಳನ್ನು ಹೊಗಬಲ್ಲುದು.

ವೈರಸ್ಸಿಲ್ಲದ ಮಾರ್ಗಗಳೂ ಇವೆ. ಭ್ರೂಣಕ್ಕೆ ಅತಿ ಸೂಕ್ಷ್ಮವಾದ ಗಾಜಿನ ನಳಿಕೆಯಿಂದ ಡಿಎನ್‌ಎಯನ್ನು ಚುಚ್ಚುವುದು, ವಿದ್ಯುತ್ತಿನ ಸ್ಪಂದನದಿಂದ ಜೀವಕೋಶದ ಪೊರೆಯಲ್ಲಿ ಕ್ಷಣಕಾಲ ರಂಧ್ರಗಳನ್ನು ತೆರೆಯುವುದು, ಚಿನ್ನದ ಕಣಗಳಿಗೆ ಡಿಎನ್‌ಎ ಲೇಪಿಸಿ ಒತ್ತಡದಿಂದ ಹಾರಿಸುವುದು, ಕೊಬ್ಬಿನ ಸೂಕ್ಷ್ಮಗೋಲಗಳಲ್ಲಿ ಅಡಗಿಸಿ ಕಳುಹಿಸುವುದು - ಇವು ಪ್ರಸಿದ್ಧವಾದುವು. ಇವುಗಳಿಂದ ಸೋಂಕು ಹರಡುವ ಭಯವಿಲ್ಲ. ವಿದ್ಯುದಾಘಾತ, ಒತ್ತಡದ ಅನಿಲ, ಸೂಜಿ, ರಾಸಾಯನಿಕ ಇವುಗಳ ಸಾಮಾನ್ಯ ಅಪಾಯಗಳೇ ಇಲ್ಲಿ ಪ್ರಧಾನ. ಉದ್ದೇಶವು ಸಿದ್ಧಿಸುವುದಾದರೆ ಮೊದಲು ಈ ಮಾರ್ಗವನ್ನು ಪರಿಶೀಲಿಸುವುದು ವಿವೇಕ.

೩. ಅಪಾಯವನ್ನು ಅಳೆಯುವ ಕ್ರಮ

ಸಂಶೋಧಕನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಮೂರಾಗಿ ವಿಂಗಡಿಸಬಹುದು: ಹೊರುವುದು ಯಾವುದು? ಹೊತ್ತಿರುವುದು ಏನನ್ನು? ಹೊರಬರುವುದು ಎಲ್ಲಿಂದ?

ಹೊರುವ ವಾಹಕದ ವಿಚಾರವನ್ನು ಮೇಲೆ ಹೇಳಿದೆ. ಎರಡನೆಯ ಪ್ರಶ್ನೆಯನ್ನು ಅನೇಕರು ಅಲಕ್ಷಿಸುತ್ತಾರೆ. ನಿರಪಾಯಕರವಾದ ವಾಹಕವು ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಉಂಟುಮಾಡುವ ವಂಶವಾಹಿಯನ್ನು ಹೊತ್ತರೆ ಆಗ ಅದು ಅಪಾಯಕಾರಿಯೇ ಸರಿ. ರೋಗಿಗಳ ಚಿಕಿತ್ಸೆಯಲ್ಲಿ ಕಂಡ ಅನುಭವವು ಇದಕ್ಕೆ ಎಚ್ಚರಿಕೆಯಂತಿದೆ. ಪ್ಯಾರಿಸ್ ನಗರದಲ್ಲಿ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಕ್ಕಳಿಗೆ ರೆಟ್ರೋ ವೈರಸ್ಸಿನ ಮೂಲಕ ವಂಶವಾಹಿಯನ್ನು ನೀಡಿದಾಗ ಮಕ್ಕಳು ಚೇತರಿಸಿಕೊಂಡರು. ಆದರೆ ೨೦೦೨ರಿಂದ ಮೊದಲುಗೊಂಡು ಅವರಲ್ಲಿ ಕೆಲವರಿಗೆ ರಕ್ತದ ಅರ್ಬುದವು ಕಾಣಿಸಿಕೊಂಡಿತು. ವಾಹಕವು ಸೇರಬಾರದ ಜಾಗದಲ್ಲಿ ಸೇರಿ, ಸುಮ್ಮನಿದ್ದ ವಂಶವಾಹಿಯನ್ನು ಎಬ್ಬಿಸಿದುದೇ ಕಾರಣ. ರೋಗಿಗೆ ಕೊಡುವ ಪ್ರಮಾಣಕ್ಕೂ ಸೂಜಿಯ ತುದಿಯಲ್ಲಿ ಉಳಿದ ಪ್ರಮಾಣಕ್ಕೂ ಅಜಗಜಾಂತರವಿದೆಯೆಂಬುದು ನಿಜ. ಆದರೂ ಕೆಡುಕಿನ ಬಗೆ ಯಾವುದೆಂಬುದನ್ನು ಇದು ತಿಳಿಸುತ್ತದೆ.

ವಂಶವಾಹಿಯನ್ನು ಕತ್ತರಿಸುವ ಕ್ರಿಸ್ಪರ್ ಎಂಬ ಉಪಕರಣವು ೨೦೧೨ರಲ್ಲಿ ಬಂದಮೇಲೆ ಈ ಪ್ರಶ್ನೆಯು ಇನ್ನಷ್ಟು ಗಂಭೀರವಾಯಿತು. ಅದರ ಶೋಧಕರಲ್ಲಿ ಒಬ್ಬರಾದ ಜೆನಿಫರ್ ಡೌಡ್ನಾ ೨೦೧೪ರಲ್ಲಿ ಒಂದು ಸಭೆಯಲ್ಲಿ ತರುಣ ವಿಜ್ಞಾನಿಯೊಬ್ಬರ ವರದಿಯನ್ನು ಕೇಳಿದರು. ಇಲಿಗಳು ಉಸಿರಿನೊಡನೆ ಒಳಗೆಳೆದುಕೊಳ್ಳುವ ವೈರಸ್ಸಿನಲ್ಲಿ ಈ ಉಪಕರಣವನ್ನಿರಿಸಿ, ಶ್ವಾಸಕೋಶದ ಅರ್ಬುದಕ್ಕೆ ಮಾದರಿಯನ್ನು ನಿರ್ಮಿಸಿದ ಪ್ರಯೋಗ ಅದು. ಇಲಿಯ ವಂಶವಾಹಿಯನ್ನು ಗುರುತಿಸಲೆಂದು ಬರೆದ ಮಾರ್ಗದರ್ಶಿ ಅಕ್ಷರಮಾಲೆಯಲ್ಲಿ ಕಿಂಚಿತ್ ತಪ್ಪಿದರೂ ಅದು ಮನುಷ್ಯನ ಶ್ವಾಸಕೋಶದಲ್ಲಿಯೂ ಕೆಲಸ ಮಾಡೀತೆಂಬ ಆತಂಕ ಅವರಿಗೆ ಉಂಟಾಯಿತು. ಆ ಪ್ರಯೋಗವನ್ನು ನಡೆಸಿದವರು ಮನುಷ್ಯನ ವಂಶವಾಹಿಗೆ ಹೊಂದದ ಮಾಲೆಯನ್ನೇ ಆರಿಸಿದ್ದುದಾಗಿಯೂ ವೈರಸ್ಸನ್ನು ದುರ್ಬಲಗೊಳಿಸಿದ್ದುದಾಗಿಯೂ ತಿಳಿಸಿದರು. ಉಭಯರ ಮಾತಿನಿಂದಲೂ ದೊರೆಯುವ ನೀತಿ ಒಂದೇ: ಇಂತಹ ಮಾಲೆಯನ್ನು ಬರೆಯುವಾಗಲೇ ಮನುಷ್ಯನ ಮಾಲೆಯೊಡನೆ ಹೋಲಿಸಿ ನೋಡಬೇಕು. ಸುರಕ್ಷತೆಯು ಕೈಗವಸು ತೊಡುವಾಗ ಆರಂಭವಾಗುವುದಿಲ್ಲ. ಕಾಗದದ ಮೇಲೆ ಪ್ರಯೋಗವನ್ನು ರೂಪಿಸುವಾಗಲೇ ಆರಂಭವಾಗುತ್ತದೆ.

ಮೂರನೆಯ ಪ್ರಶ್ನೆಗೆ ಪ್ರಾಣಿಯೇ ಉತ್ತರ. ಪರೀಕ್ಷಾನಳಿಕೆಯು ಒದೆಯುವುದಿಲ್ಲ, ಕಚ್ಚುವುದಿಲ್ಲ, ಮೂತ್ರ ವಿಸರ್ಜಿಸುವುದಿಲ್ಲ. ಪ್ರಾಣಿಯು ಇವೆಲ್ಲವನ್ನೂ ಮಾಡುತ್ತದೆ. ಸೂಜಿಯು ಚರ್ಮವನ್ನು ಮುಟ್ಟಿದ ಕ್ಷಣದಲ್ಲಿ ಇಲಿಯು ಕೊಸರಿಕೊಂಡರೆ ಅದೇ ಸೂಜಿ ಹಿಡಿದವನ ಬೆರಳಿಗೆ ನೆಡುತ್ತದೆ. ವಾಹಕವನ್ನು ಚುಚ್ಚಿಸಿಕೊಂಡ ಪ್ರಾಣಿಯು ಮೊದಲ ಕೆಲವು ದಿನಗಳಲ್ಲಿ ಅದರ ಅಂಶವನ್ನು ಮೂತ್ರ, ಮಲ, ಜೊಲ್ಲುಗಳಲ್ಲಿ ಹೊರಹಾಕಬಹುದು. ಆದಕಾರಣ ಅನೇಕ ಸಂಸ್ಥೆಗಳು ಚುಚ್ಚಿದ ಬಳಿಕ ೭೨ ಗಂಟೆಗಳವರೆಗೆ ಪಂಜರವನ್ನು ಹೆಚ್ಚಿನ ಭದ್ರತೆಯಲ್ಲಿರಿಸಿ, ಆಮೇಲೆ ಹಾಸನ್ನು ಬದಲಿಸಿ ಸಾಮಾನ್ಯ ಕೋಣೆಗೆ ಸಾಗಿಸುತ್ತವೆ. ಮನುಷ್ಯನ ಜೀವಕೋಶಗಳನ್ನು ಕಸಿಮಾಡಿದ ಇಲಿಗಳಲ್ಲಿ, ಮನುಷ್ಯನ ವೈರಸ್ಸು ವೃದ್ಧಿಯಾಗುವ ಸಾಧ್ಯತೆಯಿರುವುದರಿಂದ, ಈ ಅವಧಿಯ ಲೆಕ್ಕ ಸಾಲದು.

ಒಂದು ಸಣ್ಣ ಗಾಯದ ಫಲ ಎಷ್ಟು ದೂರ ಸಾಗಬಹುದೆಂಬುದಕ್ಕೆ ಫ್ರಾನ್ಸಿನ ಘಟನೆಯೊಂದು ಸಾಕ್ಷಿ. ೨೦೧೦ರಲ್ಲಿ ೨೪ ವರ್ಷದ ಪ್ರಯೋಗಶಾಲಾ ಸಹಾಯಕಿಯೊಬ್ಬಳು, ವಂಶವಾಹಿಯನ್ನು ಮಾರ್ಪಡಿಸಿದ ಇಲಿಗಳ ಮಿದುಳನ್ನು ಸೀಳುವ ಯಂತ್ರವನ್ನು ಶುಚಿಮಾಡುತ್ತಿದ್ದಳು. ಆ ಇಲಿಗಳಿಗೆ ದನಗಳ ಹುಚ್ಚಿನ ರೋಗವನ್ನು ತಗುಲಿಸಲಾಗಿತ್ತು. ಚಿಮಟವು ಎರಡು ಪದರದ ಕೈಗವಸನ್ನು ತೂರಿ ಹೆಬ್ಬೆರಳಿಗೆ ಚುಚ್ಚಿತು, ರಕ್ತ ಬಂದಿತು. ಏಳೂವರೆ ವರ್ಷಗಳ ಬಳಿಕ ರೋಗಲಕ್ಷಣಗಳು ತೋರಿದುವು. ೨೦೧೯ರಲ್ಲಿ ಅವಳು ಮೃತಳಾದಳು. ಅಲ್ಲಿ ಕೇಡು ತಂದುದು ವಾಹಕವಲ್ಲ, ರೋಗಕಾರಕ ಪ್ರೋಟೀನು. ಆದರೂ ಮೊನಚಾದ ಉಪಕರಣ, ಮಾರ್ಪಡಿಸಿದ ಪ್ರಾಣಿ, ಶುಚಿಗೊಳಿಸುವ ಕೈ - ಈ ಮೂರೂ ಕೂಡಿದ ಸನ್ನಿವೇಶವು ಪ್ರತಿಯೊಂದು ಪ್ರಾಣಿಪ್ರಯೋಗಶಾಲೆಯಲ್ಲಿಯೂ ದಿನನಿತ್ಯ ಇರುವಂಥದು.

೪. ರಕ್ಷಣೆಯ ವಿಧಾನಗಳು

ಈ ಇತಿಹಾಸದಿಂದ ಹೊರಟ ವಿಧಾನಗಳು ಸರಳವಾದುವು. ಪ್ರಾಣಿಗೆ ಅರಿವಳಿಕೆ ಕೊಟ್ಟು ಇಲ್ಲವೆ ತಕ್ಕ ಬಂಧನದಲ್ಲಿರಿಸಿ ಚುಚ್ಚಬೇಕು. ಸೂಜಿಯು ಸಿರಿಂಜಿನಿಂದ ಕಳಚದಂತೆ ತಿರುಚಿ ಬಿಗಿಯುವ ಬಗೆಯದಾಗಿರಬೇಕು. ಬಳಸಿದ ಸೂಜಿಗೆ ಮುಚ್ಚಳವನ್ನು ಮರಳಿ ತೊಡಿಸಲೇಕೂಡದು, ಬಾಗಿಸಲೂಕೂಡದು, ಕೈಗೆಟಕುವಲ್ಲಿಯೇ ಇರಿಸಿದ, ಚುಚ್ಚಿದರೆ ತೂತಾಗದ ಡಬ್ಬಿಗೆ ನೇರವಾಗಿ ಹಾಕಬೇಕು. ತುಂತುರು ಏಳುವ ಕಾರ್ಯವನ್ನು ಗಾಳಿಯನ್ನು ಶೋಧಿಸುವ ಸುರಕ್ಷತಾ ಪೆಟ್ಟಿಗೆಯೊಳಗೆ ನಡೆಸಬೇಕು. ಕಣ್ಣಿಗೆ ಕನ್ನಡಕದ ರಕ್ಷೆಯಿರಬೇಕು. ೧೯೯೭ರಲ್ಲಿ ಅಮೆರಿಕದಲ್ಲಿ ಮಂಗವೊಂದರಿಂದ ಸಿಡಿದ ದ್ರವವು ಕಣ್ಣಿಗೆ ತಾಗಿ ಒಬ್ಬ ತರುಣ ಸಂಶೋಧಕಿ ಪ್ರಾಣವನ್ನು ಕಳೆದುಕೊಂಡ ಮೇಲೆ ಈ ನಿಯಮಕ್ಕೆ ಒತ್ತು ಬಂದಿತು.

ಶುದ್ಧೀಕರಣದಲ್ಲಿ ಒಂದು ಸೂಕ್ಷ್ಮವಿದೆ. ಲೆಂಟಿ ವೈರಸ್ಸಿಗೆ ಕೊಬ್ಬಿನ ಹೊರಪೊರೆ ಇರುವುದರಿಂದ ನೂರಕ್ಕೆ ಎಪ್ಪತ್ತರ ಆಲ್ಕೊಹಾಲಿಗೆ ಅದು ನಾಶವಾಗುತ್ತದೆ. ಅಡಿನೋ ಮತ್ತು ಅಡಿನೋ ಸಹಚಾರಿ ವೈರಸ್ಸುಗಳಿಗೆ ಆ ಪೊರೆಯಿಲ್ಲ. ಅವುಗಳ ವಿಷಯದಲ್ಲಿ ಆಲ್ಕೊಹಾಲನ್ನು ನಂಬಲಾಗದು. ಹೊಸದಾಗಿ ಕಲಸಿದ ಬ್ಲೀಚಿಂಗ್ ದ್ರಾವಣವನ್ನು ಬಳಸಿ, ಅದು ಕೆಲಸಮಾಡಲು ಕೆಲವು ನಿಮಿಷಗಳ ಕಾಲಾವಕಾಶ ಕೊಡಬೇಕು. ಮೇಜನ್ನು ಆಲ್ಕೊಹಾಲಿನಿಂದ ಒರೆಸಿದ ಮಾತ್ರಕ್ಕೆ ನಿಶ್ಚಿಂತನಾಗುವವನು ತಾನು ಯಾವ ವಾಹಕವನ್ನು ಬಳಸಿದನೆಂಬುದನ್ನು ಮರೆತವನು.

ಅಪಘಾತವಾದರೆ ಗಾಯವನ್ನು ಕೂಡಲೆ ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷಗಳ ಕಾಲ ನೀರಿನಿಂದ ತೊಳೆಯಬೇಕು. ಆಮೇಲೆ ವಿಳಂಬವಿಲ್ಲದೆ ವರದಿಮಾಡಿ ವೈದ್ಯನನ್ನು ಕಾಣಬೇಕು. ಲೆಂಟಿ ವೈರಸ್ಸಿನ ವಿಷಯದಲ್ಲಿ, ಏಡ್ಸಿಗೆ ಬಳಸುವ ಕೆಲವು ಔಷಧಗಳನ್ನು ಬೇಗನೆ ಆರಂಭಿಸಿದರೆ ವಾಹಕವು ಜೀವಕೋಶದಲ್ಲಿ ನೆಲೆಯೂರುವುದನ್ನು ತಡೆಯಬಹುದು. ಆದುದರಿಂದ ಯಾವ ವಾಹಕ, ಯಾವ ವಂಶವಾಹಿ ಎಂಬ ವಿವರವನ್ನು ವೈದ್ಯನಿಗೆ ತೋರಿಸಬಹುದಾದ ಚೀಟಿಯು ಪ್ರಯೋಗಕ್ಕೆ ಮುಂಚೆಯೇ ಸಿದ್ಧವಿರತಕ್ಕದ್ದು.

೫. ನಿಯಮಗಳು ಹುಟ್ಟಿದ ಬಗೆ

ಅಮೆರಿಕದ ಪಾಲ್ ಬರ್ಗ್ ೧೯೭೨ರಲ್ಲಿ ಎರಡು ಮೂಲಗಳ ಡಿಎನ್‌ಎಯನ್ನು ಬೆಸೆದನು. ಮಂಗಗಳ ವೈರಸ್ಸಿನ ಅಂಶವನ್ನು ಹೊತ್ತ ಆ ಬೆಸುಗೆಯನ್ನು ಮನುಷ್ಯನ ಕರುಳಿನಲ್ಲಿ ವಾಸಿಸುವ ಜಾತಿಯ ಬ್ಯಾಕ್ಟೀರಿಯಕ್ಕೆ ಸೇರಿಸುವುದರ ಪರಿಣಾಮವನ್ನು ಕುರಿತು ಸಂದೇಹಗಳು ಏಳಲಾಗಿ, ಅವನು ಆ ಹೆಜ್ಜೆಯನ್ನು ಇಡದೆ ತಡೆದನು. ೧೯೭೫ರ ಫೆಬ್ರವರಿಯಲ್ಲಿ ಅಸಿಲೊಮಾರ್ ಎಂಬಲ್ಲಿ ವಿಜ್ಞಾನಿಗಳು ಸಭೆ ಸೇರಿ, ಅಪಾಯಕ್ಕೆ ತಕ್ಕಂತೆ ಭದ್ರತೆಯಿರಬೇಕೆಂಬ ತತ್ತ್ವವನ್ನು ಒಪ್ಪಿದರು. ಮರುವರ್ಷವೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ನಿಯಮಾವಳಿಯನ್ನು ಪ್ರಕಟಿಸಿದುವು. ಕೇಡು ಸಂಭವಿಸುವ ಮೊದಲೇ ನಿಯಮವನ್ನು ರಚಿಸಿಕೊಂಡ ಈ ಉದಾಹರಣೆಯು ವಿಜ್ಞಾನದ ಇತಿಹಾಸದಲ್ಲಿ ವಿರಳವಾದುದು.

ಭಾರತದಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯ ಅನ್ವಯ ೧೯೮೯ರ ಡಿಸೆಂಬರಿನಲ್ಲಿ ಹೊರಟ ನಿಯಮಗಳು ಈ ಕಾರ್ಯಕ್ಕೆ ಕಾನೂನಿನ ಬಲವನ್ನಿತ್ತುವು. ಪ್ರತಿಯೊಂದು ಸಂಸ್ಥೆಯಲ್ಲಿಯೂ ಜೈವಿಕ ಸುರಕ್ಷತಾ ಸಮಿತಿಯಿರಬೇಕು. ಅದರಲ್ಲಿ ವೈದ್ಯಕೀಯ ತಜ್ಞನೊಬ್ಬನೂ ಕೇಂದ್ರದ ಜೈವಿಕ ತಂತ್ರಜ್ಞಾನ ವಿಭಾಗದ ಪ್ರತಿನಿಧಿಯೊಬ್ಬನೂ ಇರಬೇಕು. ಅಗತ್ಯವಾದೆಡೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾಮಟ್ಟದ ಸಮಿತಿಗೂ ಆ ನಿಯಮಗಳಲ್ಲಿ ಎಡೆಯಿದೆ. ೧೯೯೭ರಲ್ಲಿ ಜಿಲ್ಲೆಯಾದ ನಮ್ಮ ಕೊಪ್ಪಳಕ್ಕೂ ಇದು ಅನ್ವಯಿಸುವ ಮಾತು. ಆ ವಿಭಾಗವು ೧೯೯೦ರಲ್ಲಿ ಹೊರಡಿಸಿದ ಮಾರ್ಗಸೂಚಿಯು ೨೦೧೭ರಲ್ಲಿ ಹೊಸ ರೂಪವನ್ನು ಪಡೆಯಿತು. ಪ್ರಾಣಿಗಳ ಕ್ಷೇಮಕ್ಕಾಗಿ ೧೯೬೦ರ ಕಾಯಿದೆಯೂ ೧೯೯೮ರ ನಿಯಮಗಳೂ ಪ್ರತ್ಯೇಕ ನೀತಿಸಮಿತಿಯನ್ನು ವಿಧಿಸಿವೆ. ಎರಡು ಸಮಿತಿಗಳ ಒಪ್ಪಿಗೆಯೂ ಬೇಕು. ಇವೆರಡನ್ನು ವಿರೋಧಿಗಳೆಂದು ಭಾವಿಸಬೇಕಾಗಿಲ್ಲ. ನೋವಿಲ್ಲದೆ ನಿಶ್ಚಲವಾಗಿ ಮಲಗಿದ ಪ್ರಾಣಿಯು ಹಿಡಿದವನ ಕೈಗೂ ಕ್ಷೇಮಕರ.

೬. ಪಂಜರದ ಬಳಿಯ ಮನುಷ್ಯ

ಕಡೆಯದಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಸಂಶೋಧಕನಿಗೆ ತಾನು ಚುಚ್ಚಿದುದು ಏನೆಂಬುದು ಗೊತ್ತು. ಹಾಸನ್ನು ಬದಲಿಸುವ, ಸತ್ತ ಪ್ರಾಣಿಯನ್ನು ಒಯ್ಯುವ, ಬಟ್ಟೆಯನ್ನು ಒಗೆಯುವ ಕೆಲಸಗಾರನಿಗೆ ಅದು ಗೊತ್ತಾಗುವುದು ಪಂಜರದ ಮೇಲಿನ ಚೀಟಿಯಿಂದ ಮಾತ್ರ. ಆ ಚೀಟಿಯು ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದು ಇದ್ದೂ ಇಲ್ಲದಂತೆಯೇ. ಕರ್ನಾಟಕದ ಪ್ರಾಣಿಶಾಲೆಗಳಲ್ಲಿ ವಾಹಕದ ಹೆಸರು, ಚುಚ್ಚಿದ ದಿನ, ಭದ್ರತೆಯ ಅವಧಿ, ಅಪಘಾತವಾದರೆ ಯಾರನ್ನು ಕರೆಯಬೇಕೆಂಬ ಸೂಚನೆ - ಇವು ಕನ್ನಡದಲ್ಲಿಯೂ ಇರುವುದು ಅತ್ಯವಶ್ಯ. ಶಾಸ್ತ್ರೀಯ ಪ್ರಬಂಧಗಳಲ್ಲಿ ಇಂತಹ ಕೆಲಸಗಾರರ ಹೆಸರುಗಳು ಕಾಣಸಿಗುವುದು ಅಪರೂಪ; ಅಪಘಾತದ ದಾಖಲೆಯಲ್ಲಾದರೂ ಅವರ ಮಾತಿಗೆ ಸಂಶೋಧಕನ ಮಾತಿನಷ್ಟೇ ಸ್ಥಾನವಿರಬೇಕು. ಚುಚ್ಚಿಕೊಂಡುದನ್ನು ಹೇಳಿದರೆ ಕೆಲಸ ಹೋದೀತೆಂಬ ಭಯವಿರುವಲ್ಲಿ ಯಾವ ನಿಯಮವೂ ಫಲಿಸದು.

ಈ ವಿದ್ಯೆಯ ಫಲಗಳು ಅಲ್ಪವಾದುವಲ್ಲ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿ ವೆಲ್ಲೂರಿನಲ್ಲಿರುವ ಕೇಂದ್ರದವರು, ಲೆಂಟಿ ವಾಹಕದ ಮೂಲಕ ಐವರು ಹೀಮೋಫಿಲಿಯ ರೋಗಿಗಳಿಗೆ ಚಿಕಿತ್ಸೆ ನೀಡಿ ರಕ್ತಸ್ರಾವವನ್ನು ತಡೆದ ವರದಿಯು ೨೦೨೪ರಲ್ಲಿ ಪ್ರಕಟವಾಯಿತು. ಏಡ್ಸಿನ ವೈರಸ್ಸಿನಿಂದ ಹುಟ್ಟಿದ ವಾಹಕವು ನಮ್ಮ ನೆರೆಯಲ್ಲಿಯೇ ಹೀಗೆ ಪ್ರಾಣರಕ್ಷಕವಾಗಿದೆ. ಇಂತಹ ಕಾರ್ಯವು ಮುಂದುವರಿಯಬೇಕಾದರೆ ಅದನ್ನು ನಡೆಸುವ ಕೈಗಳು ಕ್ಷೇಮವಾಗಿರಬೇಕು. ಮಂಗನ ಕಾಯಿಲೆಯ ವೈರಸ್ಸನ್ನು ಅರಿಯಲು ಹೊರಟವರಿಗೆ ಅಪಾಯವು ಮೊದಲೇ ತಿಳಿದಿರಲಿಲ್ಲ. ಇಂದಿನವರಿಗೆ ತಿಳಿದಿದೆ. ನಮ್ಮ ಕಾಲೇಜುಗಳಿಂದ ಪ್ರಯೋಗಶಾಲೆಗೆ ಹೋಗುವ ವಿದ್ಯಾರ್ಥಿಗಳು ಮೊದಲ ದಿನವೇ ಮೂರು ವಿಚಾರಗಳನ್ನು ಕೇಳಿ ತಿಳಿದುಕೊಳ್ಳಲಿ: ಸುರಕ್ಷತಾ ಸಮಿತಿಯ ಒಪ್ಪಿಗೆಯ ಪತ್ರ ಎಲ್ಲಿದೆ, ಸೂಜಿಯ ಡಬ್ಬಿ ಎಲ್ಲಿದೆ, ಅಪಘಾತವಾದರೆ ಯಾರಿಗೆ ತಿಳಿಸಬೇಕು. ಅವುಗಳಿಗೆ ಉತ್ತರವು ದೊರೆಯುವವರೆಗೆ ಸಿರಿಂಜನ್ನು ಮುಟ್ಟದಿರುವುದು ಅವರ ಹಕ್ಕು. ಆ ಹಕ್ಕನ್ನು ಅವರಿಗೆ ತಿಳಿಸಿಕೊಡುವುದು ಅಧ್ಯಾಪಕರಾದ ನಮ್ಮ ಕರ್ತವ್ಯ.